ಕಾಂಟೆಸಾ ಮಾಮಾ

ಮೋರಖಂಡಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕಾಂಟೆಸಾ ಮಾಮಾ ಅಂದರೆ ಸಾಕು, ಬಸವಕಲ್ಯಾಣದ ಪಂಕ್ಚರ್ ಅಂಗಡಿಯಿಂದ ಹುಮನಾಬಾದಿನ ಲೇತ್ ಅಂಗಡಿಯವರೆಗೆ ಎಲ್ಲರಿಗೂ ಗೊತ್ತು. ಇಂಥವನೊಬ್ಬ ನಿಮ್ಮೂರಲ್ಲೂ ಇದ್ದಾನು. ಅವನದು ಎಸ್ಟೀಮೋ ಜೆನ್ನೋ ಇರಬಹುದು. ರೋಗ ಮಾತ್ರ ಒಂದೇ: ಗಾಡಿ ನೆಲಕ್ಕೆ ಕೂಡಬೇಕು.

ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಕಾಂಟೆಸಾ ತಂದಾಗ ಅದರ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್‌ನದು, ಎಂಜಿನ್ನು ನಮ್ಮ ಅಂಬಾಸಿಡರ್‌ನದು. ಇಸುಜು ಎಂಜಿನ್ ಬಂದ ಮೇಲೆ ಗಾಡಿಗೆ ಜೀವ ಬಂತು. 2002ಕ್ಕೆ ತಯಾರಿಕೆಯೇ ನಿಂತಿತು. ‘ನಮ್ ದೇಶದ ಸ್ಪೋರ್ಟ್ಸ್ ಕಾರ್ ಅಂದ್ರ ಇದೇ’ ಅನ್ನುತ್ತಾನೆ ಮಾಮಾ. ನಾಲ್ಕು ಬಾಗಿಲಿನ ಸ್ಪೋರ್ಟ್ಸ್ ಕಾರು ಎಲ್ಲಿಯದು ಅಂತ ಕೇಳಿದವರಿಗೆ ಅವತ್ತಿನ ಚಹಾ ಬಂದ್.

ತಗ್ಗಿಸುವುದಕ್ಕೂ ಒಂದು ಪದ್ಧತಿಯಿದೆ. ಗಿಡ್ಡ, ಬಿರುಸು ಸ್ಪ್ರಿಂಗು ತರಿಸಬೇಕು, ಅದಕ್ಕೆ ಹೊಂದುವ ಗಿಡ್ಡ ಶಾಕಪ್ ಹಾಕಬೇಕು, ಕೊನೆಗೆ ಅಲೈನ್‌ಮೆಂಟ್ ಮಾಡಿಸಬೇಕು. ಮಾಮಾ ಮೊದಲು ಅದರ ರೇಟು ಕೇಳಿದ. ಆಮೇಲೆ ಮಿಸ್ತ್ರಿಯ ಹತ್ತಿರ ಗ್ರೈಂಡರ್ ಇದೆಯೇ ಅಂತ ಕೇಳಿದ. ಒಂದೂವರೆ ಸುತ್ತು ಹಾರಿತು. ಸ್ಪ್ರಿಂಗನ್ನು ಕತ್ತರಿಸಿದರೆ ಗಿಡ್ಡಾಗುವುದಷ್ಟೇ ಅಲ್ಲ, ಉಳಿದದ್ದು ಬಿರುಸೂ ಆಗುತ್ತದೆ. ಶಾಕಪ್ ಹಳೆಯದೇ, ಪಾಪ, ಅದಕ್ಕೆ ಆಡಲು ಜಾಗವಿಲ್ಲ. ತಗ್ಗು ಬಂದರೆ ಧಡ್ ಅಂತ ರಬ್ಬರ್ ಸ್ಟಾಪರಿಗೆ ಬಡಿಯುತ್ತದೆ. ಅಲ್ಲಿಂದ ಮುಂದಿನ ಕೆಲಸ ಕೂತವರ ಬೆನ್ನುಮೂಳೆಯದು.

‘ಸೆಂಟರ್ ಆಫ್ ಗ್ರಾವಿಟಿ ಕೆಳಗ ಬಂತಪಾ, ತಿರುವಿನ್ಯಾಗ ಗಾಡಿ ವಾಲಂಗಿಲ್ಲ’ ಅನ್ನುತ್ತಾನೆ. ಖರೇ ಮಾತು. ಆದರೆ ವಾಲಲಿಕ್ಕೂ ಸ್ಪೀಡು ಬೇಕಲ್ಲ! ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರೂ ಅದರ ಜೊತೆ ಏಳುತ್ತ ಬೀಳುತ್ತ ಇರುತ್ತದೆ. ಇಲ್ಲಿ ಮಾಮಾನ ಸ್ಪೋರ್ಟ್ಸ್ ಕಾರು ಎತ್ತಿನ ಬಂಡಿಗೆ ಸೈಡ್ ಕೊಡುತ್ತದೆ.

ಹಂಪಿನದು ಬೇರೆಯೇ ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕಕ್ಕೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಮ್ಮ ಕಡೆ ಅದರ ಎತ್ತರ ಯಾರ ಆಡು ಗಾಡಿಗೆ ಸಿಕ್ಕಿತು ಅನ್ನುವುದರ ಮೇಲಿದೆ. ಹಂಪು ಕಂಡೊಡನೆ ಮಾಮಾ ಗಾಡಿ ನಿಲ್ಲಿಸುತ್ತಾನೆ, ಎಲ್ಲರನ್ನೂ ಇಳಿಸುತ್ತಾನೆ, ಸ್ಟೇರಿಂಗ್ ತಿರುವಿ ಒಂದೊಂದೇ ಗಾಲಿಯನ್ನು ಅಡ್ಡಡ್ಡ ಹತ್ತಿಸುತ್ತಾನೆ. ಸುಗ್ಗಿಯಲ್ಲಿ ರಸ್ತೆ ಮೇಲೆ ತೊಗರಿ ಹರವಿದ್ದರಂತೂ ಮುಗಿಯಿತು. ಬಂಪರು ಕಾಳನ್ನೆಲ್ಲ ನೂಕಿಕೊಂಡು ಹೋಗುತ್ತದೆ. ‘ಕುಂಟಿ ಹೊಡಿಲತ್ತೀ ಏನೋ ತಮ್ಮಾ? ಹಂಗೇ ನಮ್ಮ ಹೊಲಕ್ಕೂ ಬಾ’ ಅಂದರು ಒಬ್ಬ ಮುತ್ಯಾ.

ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಅದಕ್ಕೂ ಮಾಮಾನ ಉತ್ತರ ತಯಾರಿದೆ: ‘ನಾ ಎಲ್ಲಿ ತಗ್ಗಿಸೀನ್ರಿ ಸಾಹೇಬ್ರ? ವಯಸ್ಸಾಯ್ತು, ಸ್ಪ್ರಿಂಗ್ ತಾನೇ ಕುಂತದ.’

ಆದರೂ ಮದುವೆಯ ಮೆರವಣಿಗೆಗೆ ಅವನ ಗಾಡಿಯೇ ಬೇಕು. ನೆಲಕ್ಕೆ ಕೂತ ಗಾಡಿ ಫೋಟೋದಲ್ಲಿ ಚಂದ ಬರುತ್ತದೆ, ಬಾಜಾದವರಿಗಿಂತ ಮುಂದೆ ಹೋಗುವ ಭಯವೂ ಇಲ್ಲ. ಹೋದ ಸಲ ಬೀಗರೂರಿನ ಅಗಸಿಯಿಂದ ಹನುಮಂತದೇವರ ಗುಡಿಯವರೆಗೆ ಮೂರು ಹಂಪಿದ್ದವು. ಹಿಂದೆ ಮದುಮಗನ ಜೊತೆ ಇಬ್ಬರು ಸೋದರಮಾವಂದಿರು, ಇಬ್ಬರೂ ಭಾರಿ ಆಳು; ಟೈರು ಮಡ್‌ಗಾರ್ಡಿಗೆ ಉಜ್ಜಿ ಸುಟ್ಟ ರಬ್ಬರಿನ ವಾಸನೆ. ಮೊದಲನೇ ಹಂಪಿಗೆ ಮದುಮಗ ಬಾಸಿಂಗ ಹಿಡಿದುಕೊಂಡು ಇಳಿದ. ಇಳಿದನೆಂದರೆ ಬಂದನೆಂದೇ ತಿಳಿದು ಹೆಣ್ಣಿನ ಕಡೆಯವರು ಆರತಿ ಹಿಡಿದು ಓಡಿ ಬಂದರು, ಬೆಳಗಿದರು, ತಟ್ಟೆಗೆ ನೂರು ರೂಪಾಯಿ ಬಿತ್ತು. ಮದುಮಗ ಮತ್ತೆ ಗಾಡಿ ಹತ್ತಿದ. ಎರಡನೇ ಹಂಪಿಗೂ ಅದೇ ಕಥೆ. ಮೂರನೆಯದಕ್ಕೆ ಗಂಡಿನ ತಂದೆ ಕಿಸೆ ತಡವಿಕೊಂಡು, ಗಾಡಿಯ ಕಿಟಕಿಯೊಳಗೆ ಕೈ ಚಾಚಿದರು:

‘ಬಾಡಿಗಿ ಕೇಳಬ್ಯಾಡ ಮಾಮಾ, ಎಲ್ಲಾ ಆರತಿಗೇ ಹೋಯ್ತು. ಈಗ ನೀನೇ ನೂರು ತೆಗಿ.’