ಸಾಣೆ ರಾಯರು

ಎಡಗೈಯಲ್ಲಿ ಮಣಿಕಟ್ಟಿನ ಮೇಲೆ ಒಂದಿಷ್ಟು ಜಾಗ ಮಾತ್ರ ಕೂದಲಿಲ್ಲದೆ ನುಣ್ಣಗಿದ್ದರೆ ಚರ್ಮರೋಗ ಎಂದುಕೊಳ್ಳಬೇಡಿ. ಮಸೆದ ಚಾಕು ಹದಕ್ಕೆ ಬಂತೋ ಇಲ್ಲವೋ ಎಂದು ಸಾಣೆ ರಾಯರು ಪರೀಕ್ಷೆ ಮಾಡುವುದು ಅಲ್ಲೇ. ನಿವೃತ್ತರು ಹೆಚ್ಚಿರುವ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ.

ಸಾಣೆಕಲ್ಲನ್ನು ಅಂಗಡಿಯಿಂದ ತರಲು ರಾಯರ ಅಭ್ಯಂತರವೇನಿಲ್ಲ. 1000 ಗ್ರಿಟ್‌ನದು ಬಚ್ಚಲ ಬಕೆಟ್ಟಿನಲ್ಲಿ ನೆನೆಯುತ್ತಿರುತ್ತದೆ. ನುಣುಪಾದ 6000 ಗ್ರಿಟ್‌ನದಕ್ಕೆ ದೇವರ ಪಟದ ಪಕ್ಕದಲ್ಲೇ ಜಾಗ. ಆದರೆ ಆಮೇಲೆ ಬೇಕಾಗುವ ತೊಗಲುಪಟ್ಟಿಯನ್ನು ದುಡ್ಡು ಕೊಟ್ಟು ತರುವುದೆಂದರೆ ಮಾನ ಹೋದಂತೆ. ಕಲ್ಲಿನ ಮೇಲೆ ಮಸೆದಾಗ ಅಲಗಿನ ತುದಿಯಲ್ಲಿ ತೀರಾ ತೆಳುವಾದ ಲೋಹದ ಎಸಳೊಂದು ಮಡಚಿಕೊಂಡು ನಿಲ್ಲುತ್ತದೆ. ಅದನ್ನು ತೆಗೆಯಲು ತೊಗಲಿನ ಮೇಲೆ ಚಾಕುವಿನ ಬೆನ್ನು ಮುಂದಾಗಿ ಎಳೆಯಬೇಕು. ಅಲಗು ಮುಂದಾದರೆ ಪಟ್ಟಿಯೇ ಸೀಳುತ್ತದೆ. ಹಳೇ ಕ್ಷೌರದಂಗಡಿಯ ಕುರ್ಚಿಗೆ ನೇತುಬಿದ್ದಿರುತ್ತಿದ್ದ ಪಟ್ಟಿಗೂ ಇದೇ ಕೆಲಸ.

ತೊಗಲಿಗೇನು ಮಾಡುವುದು? ಬೆಲ್ಟ್ ಇದೆಯಲ್ಲ! ಮೊದಲು ಬಲಿಯಾದದ್ದು ಅವರದೇ. ಅಂದಿನಿಂದ ಪಂಚೆ ಉಡುತ್ತಾರೆ, ಕೇಳಿದವರಿಗೆ ಸಂಸ್ಕೃತಿ ಎನ್ನುತ್ತಾರೆ. ಆಮೇಲೆ ಮಗನದು. ಕೊಯ್ದು ನೋಡಿದರೆ ಒಳಗೆ ಬರೀ ರೆಕ್ಸಿನ್ನು. ಮಗನಿಗೆ ಬೆಲ್ಟ್ ಹೋದ ಸಿಟ್ಟು, ಅಪ್ಪನಿಗೆ ಮಗ ಮೋಸಹೋದ ಸಿಟ್ಟು. ಅಪ್ಪಟ ತೊಗಲು ಸಿಕ್ಕಿತೋ, ಹಳೇ ಬಾಗಿಲಿನ ತುಂಡಿಗೆ ಫೆವಿಕಾಲ್ ಬಳಿದು ಅಂಟಿಸಿ, ಅದರ ಮೇಲೆ ಸ್ಟೀಲ್ ಪಾಲಿಶಿನ ಹಸಿರು ಕಡ್ಡಿ ಉಜ್ಜುತ್ತಾರೆ. ಆ ಹಸಿರು ಕ್ರೋಮಿಯಂ ಆಕ್ಸೈಡ್. ಈಗ ಅದು ಪಂಚೆಯ ಮೇಲೂ ಇದೆ, ಸೋಫಾದ ಮೇಲೂ ಇದೆ.

ಕೋನದ ವಿಷಯದಲ್ಲಂತೂ ರಾಜಿಯಿಲ್ಲ. 4 ಸೆಂ.ಮೀ. ಅಗಲದ ಚಾಕುವಿನ ಬೆನ್ನು ಕಲ್ಲಿನಿಂದ 1 ಸೆಂ.ಮೀ. ಮೇಲಿದ್ದರೆ ಸುಮಾರು 15 ಡಿಗ್ರಿ. ಅಷ್ಟೆತ್ತರಕ್ಕೆ ನಾಣ್ಯ ಪೇರಿಸಿ ಅಳತೆಗೆ ಇಟ್ಟುಕೊಂಡಿದ್ದಾರೆ. ಹಾಲಿನವನು ಆಸೆಯಿಂದ ಅತ್ತ ನೋಡಿದರೆ, “ಅದು ಚಿಲ್ಲರೆ ಅಲ್ಲಪ್ಪ, 15 ಡಿಗ್ರಿ!” ಎಂದು ಗದರುತ್ತಾರೆ.

ಮಸೆಯುವುದರಲ್ಲಿ ಅವರಿಗೆ ಸಾಟಿಯಿಲ್ಲ, ಒಪ್ಪಲೇಬೇಕು. ತೊಂದರೆ ಇರುವುದು ಹೆಚ್ಚುವುದರಲ್ಲಿ.

“ರೀ, ಆ ಚಾಕು ಕೊಡಿ, ಬೀನ್ಸ್ ಹೆಚ್ಚಬೇಕು.”

“ಈಗ ತಾನೇ ಮಸೆದಿದೀನಿ ಕಣೇ, ಅಲಗು ಹಾಳಾಗುತ್ತೆ!”

ಹಾಗಾಗಿ ಆಕೆ ತವರಿನಿಂದ ತಂದ ಮೊಂಡು ಈಳಿಗೆಮಣೆಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಾರೆ. ಆ ಮನೆಯ ಸಾರು, ಪಲ್ಯ ಎಲ್ಲ ಅದರ ದಯೆ.

ಮೊನ್ನೆ ತಂಗಿಯ ಮಗಳಿಗೆ ಗಂಡು ನೋಡಲು ಹಿರಿಯರೆಂದು ರಾಯರನ್ನೂ ಕರೆದುಕೊಂಡು ಹೋದರು. ಕಾಫಿ ಬಂತು. ಪಿಂಗಾಣಿ ಕಪ್ಪಿನ ತಳದಲ್ಲಿ ಮೆರುಗಿಲ್ಲದ ಒರಟು ಬಳೆಯೊಂದಿರುತ್ತದಲ್ಲ, ಅವಸರಕ್ಕೆ ಚಾಕು ಮಸೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಕಪ್ಪನ್ನು ತಲೆಯ ಮೇಲೆತ್ತಿ ತಳ ನೋಡಿದರು. ಉಳಿದಿದ್ದ ಕಾಫಿ ಜರಿಪಂಚೆಗೆ ಇಳಿಯಿತು. ಹುಡುಗ ಒರೆಸಲು ಬಗ್ಗಿದ. ರಾಯರ ಕಣ್ಣು ಅವನ ಸೊಂಟದ ಮೇಲೆಯೇ ನೆಟ್ಟುಹೋಯಿತು.

ಹೊರಗೆ ಬಂದ ಮೇಲೆ ತಂಗಿ ಅಳುಕುತ್ತಲೇ ಕೇಳಿದಳು: “ಹೇಗಣ್ಣಾ?”

“ಅಪ್ಪಟ ತೊಗಲು ಕಣಮ್ಮ. ಒಂದೂವರೆ ಇಂಚು ಅಗಲ, ಎಲ್ಲೂ ಬಿರುಕಿಲ್ಲ. ಮದುವೆಗೆ ಹೊಸದು ಕೊಡಿಸಿಬಿಡೋಣ, ಹಳೇದು ನನಗಿರಲಿ.”