ಘಾಟಬೋರಾಳದ ಘಾಟು

ನನ್ನ ಎಡಹುಬ್ಬು ಬಲಹುಬ್ಬಿಗಿಂತ ಅರ್ಧ ಬೆರಳು ಗಿಡ್ಡ. ಹುಮನಾಬಾದಿನಲ್ಲಿ ಕಟಿಂಗಿಗೆ ಕೂತಾಗ ಹೊಸ ಹುಡುಗನಾದರೆ ಕನ್ನಡಿಯೊಳಗೇ ನನ್ನನ್ನು ನೋಡಿ, "ಇದೇನ್ರಿ ಸರ್, ಹಿಂಗ್ಯಾಕ?" ಅನ್ನುತ್ತಾನೆ. "ಹುಟ್ಟಾ ಹಂಗೇ ಅದಪಾ" ಎಂದು ಸುಳ್ಳು ಹೇಳುತ್ತೇನೆ. ನಿಜ ಹೇಳಲು ಹೊರಟರೆ ಬೀದರಿನ ವಾಯುನೆಲೆಯಿಂದ ಶುರು ಮಾಡಬೇಕು. ಅಷ್ಟರಲ್ಲಿ ದಾಡಿಯೂ ಮುಗಿದಿರುತ್ತದೆ.

ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಬೀದರಿನಲ್ಲಿ. ನಾನಾಗ ಒಂಬತ್ತನೆಯ ಕ್ಲಾಸು. ತರಬೇತಿಯ ಕಿರಣ ವಿಮಾನಗಳು ಆಗೊಮ್ಮೆ ಈಗೊಮ್ಮೆ ನಮ್ಮೂರು ಘಾಟಬೋರಾಳದ ಮೇಲೂ ಹಾಯುತ್ತಿದ್ದವು. ತೊಗರಿ ಹೊಲದ ಬದುವಿನ ಮೇಲೆ ನಿಂತು ಕುತ್ತಿಗೆ ನೋಯುವವರೆಗೆ ನೋಡುತ್ತಿದ್ದೆವು. ನಾವು ಎಂದರೆ ಮೂವರು: ನಾನು, ಕಿರಾಣಿ ಅಂಗಡಿಯವರ ಮಗ, ಸೈಕಲ್ ದುಕಾನಿನವರ ಮಗ. ಮೊದಲನೆಯವನಿಗೆ ಲೆಕ್ಕ ಬರುತ್ತಿತ್ತು, ಎರಡನೆಯವನಿಗೆ ಕೈಕೆಲಸ. ನನಗೆ ಎರಡೂ ಬರುತ್ತಿರಲಿಲ್ಲವಾದ್ದರಿಂದ ನಾನೇ ಮುಖ್ಯ ವಿಜ್ಞಾನಿ.

ದೀಪಾವಳಿಯ ಮರುದಿನ ಬೆಳಕು ಹರಿಯುವ ಮುಂಚೆ ಓಣಿಗಳಲ್ಲಿ ಓಡಾಡಿ ಠುಸ್ಸಾದ ಪಟಾಕಿಗಳನ್ನು ಆಯ್ದೆವು. ಬಿಚ್ಚಿ, ಮದ್ದು ತೆಗೆದು, ಒಂದು ಪೌಡರ್ ಡಬ್ಬಿಯಲ್ಲಿ ಶಿವರಾತ್ರಿವರೆಗೆ ಕಾಪಾಡಿದೆವು. ಡಬ್ಬಿ ಇದ್ದದ್ದು ನಮ್ಮನೆ ಮಾಳಗಿಯ ಗೂಡಿನಲ್ಲಿ, ಅವ್ವ ದಿನಾ ಚಿಮಣಿ ಇಡುತ್ತಿದ್ದ ಗೂಡಿನ ಪಕ್ಕದಲ್ಲಿ. ಇದನ್ನು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತವೆ. ಹುಬ್ಬು ಹೋದದ್ದು ಅದರ ಮುಂದೆ ಏನೂ ಅಲ್ಲ. ಊರಿನ ಹೆಸರಲ್ಲೇ 'ಘಾಟ' ಇದ್ದದ್ದರಿಂದಲೋ ಏನೋ, ನಾಲ್ಕು ತಿಂಗಳು ನನ್ನ ಬೆರಳಿಗೆ ಅಂಟಿದ್ದ ಗಂಧಕದ ಘಾಟು ಮನೆಯಲ್ಲಿ ಯಾರ ಮೂಗಿಗೂ ಬೀಳಲಿಲ್ಲ.

ಕೊಳವೆಗೆ ಹಳೆ ಪೇಪರು. ನಮ್ಮ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಪೇಪರು ಓದುವವರಿದ್ದರು. ಮೂರನ್ನೂ ಒಂದರ ಮೇಲೊಂದು ಸುತ್ತಿ ಅಂಟಿಸಿದೆವು. ಜಗಳ ಬಂದದ್ದು ಕೋಲಿನ ವಿಷಯಕ್ಕೆ. ಅಂಗಡಿಯ ರಾಕೆಟ್ಟಿಗೆ ಉದ್ದ ಕೋಲಿರುತ್ತದಲ್ಲ, ನಮ್ಮದಕ್ಕೂ ಬೇಕೆಂದ ಕಿರಾಣಿಯವನು. ಸೈಕಲ್ ದುಕಾನಿನವನು ಒಪ್ಪಲಿಲ್ಲ. ರಾಕೆಟ್ಟಿಗೆ ಅವರ ಮನೆಯ ಮಾತು ಹವಾಯಿ, ವಿಮಾನಕ್ಕೆ ಹವಾಯಿ ಜಹಾಜು. "ಹವಾಯಿ ಜಹಾಜಿಗಿ ಕೋಲ್ ಎಲ್ಲದ? ಮತ್ತ ಹವಾಯಿಗ್ಯಾಕ?" ಎಂದ. ಇಂಥ ತರ್ಕಕ್ಕೆ ಉತ್ತರ ಕೊಡುವ ಪುಸ್ತಕ ನಮ್ಮ ಶಾಲೆಯಲ್ಲಿರಲಿಲ್ಲ. ಮುಖ್ಯ ವಿಜ್ಞಾನಿ ಕೋಲು ಕಿತ್ತು ಬಿಸಾಡಿದ.

ಉತ್ತರ ಟಿಪ್ಪುವಿನ ಸೈನಿಕರಿಗೆ ಗೊತ್ತಿತ್ತು. ಮೈಸೂರಿನ ರಾಕೆಟ್ಟುಗಳಿಗೆ ಕಾಗದದ ಬದಲು ಕಬ್ಬಿಣದ ಕೊಳವೆ ಇದ್ದದ್ದನ್ನು ಎಲ್ಲರೂ ಹೊಗಳುತ್ತಾರೆ. ಕಬ್ಬಿಣ ಒಳಗಿನ ಒತ್ತಡ ತಡೆಯುತ್ತದೆ, ರಾಕೆಟ್ಟು ದೂರ ಹೋಗುತ್ತದೆ, ನಿಜ. ಆದರೆ ಅದಕ್ಕೆ ಬಿಗಿದ ಉದ್ದ ಬಿದಿರನ್ನು ಯಾರೂ ಹೊಗಳುವುದಿಲ್ಲ. ಹಾರುವಾಗ ಗಾಳಿ ಆ ಬಿದಿರನ್ನು ಬಾಲದಂತೆ ಹಿಂದಕ್ಕೆ ಹಿಡಿದಿಟ್ಟರೇ ಮೂತಿ ಮುಂದೆ ಉಳಿಯುವುದು. ಅಷ್ಟಿದ್ದೂ ಅವು ಹೇಳಿದ ಕಡೆ ಹೋಗುತ್ತಿರಲಿಲ್ಲ. ಕುದುರೆ, ಎತ್ತುಗಳನ್ನು ಬೆದರಿಸಿ ದಂಡು ಚೆದುರಿಸುವುದೇ ಅವುಗಳ ದೊಡ್ಡ ಕೆಲಸ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕ ಸುದ್ದಿ ಓದಿದಾಗ, ಇಷ್ಟನ್ನೂ ಬಾವಿಗೆ ಹಾಕಿದವನು ಬುದ್ಧಿವಂತನೇ ಇರಬೇಕು ಅನ್ನಿಸಿತು.

ಶಿವರಾತ್ರಿಯ ಮರುದಿನ, ಮುಚ್ಚಂಜೆ. ಸುಗ್ಗಿ ಮುಗಿದು ಹಿತ್ತಲಿನಾಚೆ ಕಣಿಕಿಯ ಬಣವಿಗಳು ಎದ್ದಿದ್ದವು. ಮೇಲೆ ಹೋಗುವುದರ ಬಗ್ಗೆ ನಾಲ್ಕು ತಿಂಗಳು ಯೋಚಿಸಿದ್ದೆವು. ಇಳಿಯುವುದು ಎಲ್ಲಿ ಎಂದು ಮೂವರಲ್ಲಿ ಒಬ್ಬನೂ ಕೇಳಿರಲಿಲ್ಲ. ಬತ್ತಿಗೆ ಊದುಬತ್ತಿ ಮುಟ್ಟಿಸಿದೆ. ಹೊತ್ತಲಿಲ್ಲ. ಬಗ್ಗಿ ನೋಡಿದೆ. ಹುಬ್ಬಿನ ಕಥೆ ಅಲ್ಲಿಗೆ ಮುಗಿಯಿತು.

ಹವಾಯಿ ಮಾತ್ರ ಹಾರಿತು. ಆಳೆತ್ತರ ಹೋಗಿ, ಕಿರಣ ವಿಮಾನದ ಹಾಗೆ ಎರಡು ಗಿರಕಿ ಹೊಡೆದು, ನೆಟ್ಟಗೆ ನಮ್ಮ ಎಮ್ಮೆಯ ಕಾಲ ಸಂದಿಯಿಂದ ತೂರಿ, ಪಕ್ಕದವರ ಬಣವಿಗೆ ಬಡಿದು ಢಮ್ಮೆಂದಿತು. ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಓಣಿಯವರೆಲ್ಲ ಕೊಡ ಹಿಡಿದು ಬಂದು ಅರ್ಧ ಬಣವಿ ಉಳಿಸಿದರು.

ಬೈಗುಳಕ್ಕೂ ಹೊಡೆತಕ್ಕೂ ತಯಾರಾಗಿಯೇ ಮೂವರೂ ಮನೆಗೆ ಬಂದೆವು. ಬಾಗಿಲಿಗೆ ಒಳಗಿಂದ ಅಗಳಿ ಬಿದ್ದಿತ್ತು. ಬಡಿದೆ. ತುಸು ಹೊತ್ತಿನ ಮೇಲೆ ಮುತ್ಯಾನ, ಅಂದರೆ ಅಜ್ಜನ, ಸಣ್ಣ ದನಿ ಕೇಳಿಸಿತು: "ಎಷ್ಟ್ ಮಂದಿ ಬಂದಾರ?"

"ನಾನೇ ಮುತ್ಯಾ" ಎಂದೆ. ಬಾಗಿಲು ತೆರೆಯಿತು. ನನ್ನ ತಂಗಿಯರಿಬ್ಬರೂ ಹೊರಸಿನ ಕೆಳಗಿದ್ದರು. ಮುತ್ಯಾನ ಕೈಯಲ್ಲಿ ಕುಡುಗೋಲು.

1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ನಿಜಾಮನ ಪರದ ರಜಾಕಾರರು ಊರಿಗೆ ನುಗ್ಗಿ ಜನರನ್ನು ಕೊಂದಾಗ ಮುತ್ಯಾನಿಗೆ ಹೆಚ್ಚೂಕಡಿಮೆ ನನ್ನದೇ ವಯಸ್ಸು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು ಪೊಲೀಸ್ ಆಕ್ಷನ್ ಆಗುವವರೆಗೆ ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ಢಮ್ಮೆಂದರೆ ಜನ ದೀಪ ಆರಿಸಿ ಅಗಳಿ ಹಾಕುತ್ತಿದ್ದರಂತೆ. ಇದನ್ನು ಅಪ್ಪ ಆಮೇಲೆ ಹೇಳಿದ್ದು. ಮುತ್ಯಾ ಏನೂ ಹೇಳಲಿಲ್ಲ. ಮಸಿಮೋರೆಯ ಮೂವರನ್ನೂ ನೋಡಿ, ಕುಡುಗೋಲು ಮೂಲೆಗಿಟ್ಟು, ನನ್ನ ಹುಬ್ಬಿಗೂ ಸೈಕಲ್ ದುಕಾನಿನವನ ಸುಟ್ಟ ಅಂಗೈಗೂ ಒಂದೇ ಬಟ್ಟಲಿನ ಕೊಬ್ಬರಿ ಎಣ್ಣೆ ಹಚ್ಚಿದ. ಕೈ ನಡುಗುತ್ತಿತ್ತು, ಎಣ್ಣೆಯೆಲ್ಲ ಕಿವಿಗೆ ಇಳಿಯಿತು. ಮರುದಿನ ಪಕ್ಕದವರ ಹಿತ್ತಲಿಗೆ ಎರಡು ಬಂಡಿ ಕಣಿಕಿ ಹೊಡೆಸಿದ.

ಅವನು ಇರುವವರೆಗೆ ನಮ್ಮ ಮನೆಯ ದೀಪಾವಳಿಗೆ ಸುರಸುರಬತ್ತಿ ಬಿಟ್ಟು ಬೇರೇನೂ ಬರಲಿಲ್ಲ. ಎಮ್ಮೆ ಮಾತ್ರ ಮೂರನೆಯ ದಿನಕ್ಕೇ ಹಾಲು ಕೊಟ್ಟಿತು.