ಗುಂಯ್‌ಗುಡುವ ಡಬ್ಬ

ಗಣೇಶನ ಸೀಸನ್ನಿನಲ್ಲಿ ಆರ್ಕೆಸ್ಟ್ರಾಕ್ಕೆ ಬೇಸ್ ಗಿಟಾರ್ ನುಡಿಸುವವನನ್ನು ಯಾರೂ ನೋಡುವುದಿಲ್ಲ. ಗಾಯಕಿಯನ್ನು ನೋಡುತ್ತಾರೆ, ಡ್ರಮ್ಸ್‌ನವನನ್ನು ನೋಡುತ್ತಾರೆ, ಅದೂ ಬೇಜಾರಾದರೆ ಜನರೇಟರ್ ನೋಡುತ್ತಾರೆ. ನಮ್ಮ ಅತಿ ದಪ್ಪ ತಂತಿ ಸೆಕೆಂಡಿಗೆ ಅದುರುವುದೇ ಸುಮಾರು 41 ಸಲ. ಅದು ಕಿವಿಗೆ ಕೇಳುವುದಕ್ಕಿಂತ ಹೊಟ್ಟೆಗೆ ತಿಳಿಯುವುದು ಹೆಚ್ಚು. ಹಾಗಾಗಿ ನನ್ನ ಆಂಪ್ಲಿಫೈಯರ್ ತಿಂಗಳುಗಟ್ಟಲೆ ಗುಂಯ್ ಎಂದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕೆಡಿಸಿಕೊಂಡವನು ನಾನೊಬ್ಬ, ಅದೂ ಶ್ರುತಿಯ ಕಾರಣಕ್ಕೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಡಬ್ಬದೊಳಗೆ ಅದನ್ನು ಡಿಸಿ ಮಾಡುವಾಗ ಏರಿಳಿತ ಇಮ್ಮಡಿಸಿ 100 ಆಗುತ್ತದೆ. ಅದನ್ನು ನುಣ್ಣಗೆ ಮಾಡಬೇಕಾದ ಕೆಪಾಸಿಟರಿಗೆ ವಯಸ್ಸಾದರೆ ಆ ನೂರು ಸೀದಾ ಸ್ಪೀಕರಿಗೆ ಬಂದು ಕೂರುತ್ತದೆ. ಬೇಸಿನ ಜಿ ತಂತಿ 98. ಅಂದರೆ ಯಾವ ಹಾಡಾದರೂ ಸರಿ, ನನ್ನ ಡಬ್ಬ ತಾನೇ ತಂಬೂರಿ ಮೀಟುತ್ತಿತ್ತು, ಒಂದು ಎಳೆ ಏರುಶ್ರುತಿಯಲ್ಲಿ. ಪೂರ್ತಿ ಅಪಶ್ರುತಿಯನ್ನಾದರೂ ಸಹಿಸಬಹುದು, ಇಷ್ಟು ಹತ್ತಿರ ಬಂದು ತಪ್ಪುವುದನ್ನಲ್ಲ.

ಒಂದು ಪೆಂಡಾಲಿನಲ್ಲಿ ಫ್ಯೂಸು ಹೋಯಿತು. ಮೈಕ್‌ಸೆಟ್ ಹುಡುಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಮತ್ತೆ ಹಾಕಿದ. ಅರ್ಧ ಹಾಡಿನ ಮೇಲೆ ಢಬ್ ಎಂದಿತು.

ರಿಪೇರಿಯವರು ಹಿಂಬದಿ ಬಿಚ್ಚಿ ಮೀಟರ್ ಇಟ್ಟರು. "ಔಟ್‌ಪುಟ್ ಜೋಡಿ ಹೋಗಿದೆ ಸಾರ್. ಫಿಲ್ಟರ್ ನೆತ್ತಿ ನೋಡಿ, ಹೇಗೆ ಉಬ್ಬಿದೆ" ಎಂದು ಚೀಟಿ ಬರೆದರು: 5200, 1943 ನಂಬರಿನ ಟ್ರಾನ್ಸಿಸ್ಟರ್, 4700 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, ಮೈಕಾ ಹಾಳೆ, ವಾಲ್ಯೂಮ್ ಕಂಟ್ರೋಲ್.

ಬೆಂಗಳೂರಿನಲ್ಲಿ ಇಂಥ ಚೀಟಿ ಹಿಡಿದವರು ಹೋಗುವುದು ಎಸ್.ಪಿ. ರೋಡಿಗೆ. ಗಲ್ಲೆಯ ಮೇಲಿದ್ದವರು ಚೀಟಿ ನೋಡಿ, "ಜೋಡಿ ಅರವತ್ತಕ್ಕೂ ಇದೆ, ನಾನೂರಕ್ಕೂ ಇದೆ" ಎಂದರು. ಎರಡರ ಮೇಲೂ ಅದೇ ಜಪಾನಿ ಹೆಸರು, ಅದೇ ಅಕ್ಷರ.

"ಎರಡೂ ಒಂದೇ ಥರ ಇವೆಯಲ್ರೀ?"

"ಅಚ್ಚು ಹಾಕೋಕೆ ಎರಡಕ್ಕೂ ಒಂದೇ ಖರ್ಚು ಸಾರ್."

ಆಮೇಲೆ ಗಾಜಿನ ಕೆಳಗಿಂದ ಒಡೆದಿಟ್ಟ ಎರಡು ಟ್ರಾನ್ಸಿಸ್ಟರ್ ತೆಗೆದು ಹತ್ತಿರ ಹಿಡಿದರು. ಕರಿ ಸಿಪ್ಪೆಯೊಳಗೆ ಒಂದರ ಸಿಲಿಕಾನ್ ತುಣುಕು ಅಗಲವಾಗಿತ್ತು. ಇನ್ನೊಂದರಲ್ಲಿ ಎಳ್ಳು ಹುಡುಕಿದ ಹಾಗೆ ಹುಡುಕಬೇಕು. 150 ವಾಟು ತಡೆಯುತ್ತೇನೆಂದು ಪ್ರಮಾಣ ಮಾಡುತ್ತಿದ್ದದ್ದು ಆ ಎಳ್ಳು! ತಮ್ಮ ಅಂಗಡಿಯ ಅಗ್ಗದ ಮಾಲನ್ನೇ ಒಡೆದು ತೋರಿಸುವ ವ್ಯಾಪಾರಿಯ ಬಳಿ ಚೌಕಾಸಿ ಮಾಡುವುದು ಹೇಗೆ? ನಾನೂರು ತೆತ್ತೆ.

ಇಷ್ಟು ಸಿಕ್ಕಿದ ಮೇಲೆ ತೊಡರಿದ್ದು ಬಲ್ಬು. ರಿಪೇರಿ ಮಾಡಿದ ಡಬ್ಬಕ್ಕೆ ಮೊದಲ ಸಲ ಕರೆಂಟು ಕೊಡುವಾಗ ನಡುವೆ 100 ವಾಟಿನ ಹಳೇ ಬಲ್ಬು ಸೀರೀಸಿನಲ್ಲಿರಬೇಕು. ಒಳಗೆ ಇನ್ನೂ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿದು ನಾನೂರು ರೂಪಾಯಿ ಉಳಿಸುತ್ತದೆ. ಈ ಕೆಲಸಕ್ಕೆ ಎಲ್‌ಇಡಿ ಬರುವುದಿಲ್ಲ, ಅಂಗಡಿಯಲ್ಲಿರುವುದೆಲ್ಲ ಎಲ್‌ಇಡಿಯೇ. ಕೊನೆಗೆ ಊರಾಚೆ ಕೋಳಿಮರಿಗಳಿಗೆ ಕಾವು ಕೊಡುವವರಲ್ಲಿ ಒಂದನ್ನು ಬೇಡಿ ತಂದೆ. ಸ್ವಿಚ್ ಒತ್ತಿದಾಗ ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಅದೇ ಶುಭಶಕುನವಂತೆ. ಗುಂಯ್ ಕೂಡ ನಿಂತಿತು.

ಉಳಿದದ್ದು ವಾಲ್ಯೂಮಿನ ನಾಬ್. ಹಳೆಯ ನಾಬಿನೊಳಗೆ ಹಲ್ಲು, ಹೊಸ ಕಂಟ್ರೋಲಿನ ಕಡ್ಡಿ ಒಂದು ಕಡೆ ಚಪ್ಪಟೆ. ಸಿಲಿಕಾನಿಗೆ ಅಸಲಿ ನಕಲಿ ಎರಡೂ ಇರುವ ಇಡೀ ರಸ್ತೆಯಲ್ಲಿ ಒಂದು ಪ್ಲಾಸ್ಟಿಕ್ ಬಿರಡೆಗೆ ಗತಿಯಿಲ್ಲ. ರಿಪೇರಿಯವರು ತಮ್ಮ ಡಬ್ಬಿ ತಡಕಿ ಫ್ಯಾನ್ ರೆಗ್ಯುಲೇಟರಿನದೊಂದನ್ನು ಒತ್ತಿ ಕೂರಿಸಿದರು. ಸೊನ್ನೆಯಿಂದ ಐದು, ದಪ್ಪಕ್ಷರದಲ್ಲಿ.

ಮುಂದಿನ ಪ್ರೋಗ್ರಾಮಿನಲ್ಲಿ ಕೀಬೋರ್ಡಿನವರು ಬಗ್ಗಿ ನೋಡಿದರು. "ಎಷ್ಟರಲ್ಲಿಟ್ಟಿದ್ದೀರಿ ಗುರುಗಳೇ?"

"ಮೂರು."

"ಐದಕ್ಕಿಡಿ. ಸೆಖೆ ತಡೆಯೋಕಾಗ್ತಿಲ್ಲ."